ದೊಡ್ಡವ್ವನ ದನಿ, ಸುಜಾತತ್ತೆಯ ಕೈ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಚಿತ್ರೀಕರಣದ ದಿನ ಮೋಡ ಕವಿದಿತ್ತು ಎಂದು ನನ್ನ ನೆನಪು. ಆ ವರ್ಷದ ದಿನಚರಿಯಲ್ಲಿ 'ಬಿಸಿಲು, ಸೆಕೆ' ಎಂದು ನನ್ನದೇ ಅಕ್ಷರದಲ್ಲಿದೆ. ದೊಡ್ಡವ್ವ ಉಟ್ಟಿದ್ದು ಹಸಿರು ಸೀರೆ ಎಂದುಕೊಂಡಿದ್ದೆ, ಅಮ್ಮ ನೀಲಿ ಅನ್ನುತ್ತಾಳೆ. ಇಂಥವು ಹೋಗಲಿ. ಅದೇ ದಿನಚರಿಯ ಅದೇ ಪುಟದ ಕೊನೆಯಲ್ಲಿ 'ದೊಡ್ಡವ್ವ ತಾನೇ ಬೇಡ ಎಂದಳು' ಎಂದೊಂದು ಸಾಲಿದೆ. ಅದನ್ನು ಯಾರು ಓದಲಿ ಎಂದು ಬರೆದೆನೋ ಗೊತ್ತಿಲ್ಲ. ನನ್ನ ದಿನಚರಿಯನ್ನು ನಾನಲ್ಲದೆ ಬೇರೆ ಯಾರೂ ತೆರೆಯುವುದಿಲ್ಲ.

ಹೋದ ತಿಂಗಳು ಹುಣಸೂರಿನ ಬಸ್ ನಿಲ್ದಾಣದಲ್ಲಿ ಕೆ.ಆರ್. ನಗರದ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ರಸ್ತೆಯಲ್ಲಿ ಹೊಗೆಸೊಪ್ಪಿನ ಬೇಲ್ ಮೂಟೆಗಳನ್ನು ತುಂಬಿಕೊಂಡ ಟೆಂಪೊ ಒಂದು ಟೈರು ಪಂಕ್ಚರ್ ಆಗಿ ನಿಂತಿತ್ತು. ಹದವಾಗಿ ಬೆಂದ ಸೊಪ್ಪಿನ ವಾಸನೆ ಒಣಹುಲ್ಲಿನಂತೆ ಶುರುವಾಗಿ, ಸಿಹಿಯಾಗಿ, ಕೊನೆಗೆ ಗಂಟಲಲ್ಲಿ ಸಣ್ಣಗೆ ಕೆರೆಯುತ್ತದೆ. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಹಿಡಿಯಲಿಲ್ಲ. ಬಸ್ಸು ಬಂದು ಹೋದದ್ದೂ ನನಗೆ ತಿಳಿಯಲಿಲ್ಲ.

ಆ ಚಿತ್ರೀಕರಣದ ಹೊತ್ತಿಗೆ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಬೆಂಗಳೂರಿನ ಸರ್ಕಾರಿ ಟಿ.ವಿ. ವಾಹಿನಿಯಲ್ಲಿ ಗುತ್ತಿಗೆಯ ಮೇಲೆ ಕಾರ್ಯಕ್ರಮ ಸಹಾಯಕಿಯಾಗಿ ಸೇರಿ ಎರಡು ವರ್ಷವಾಗಿತ್ತು. ಆ ವರ್ಷದ ದಸರಾ ಕಳೆದ ಮೇಲೆ ನಮ್ಮ ವಾಹಿನಿ ಎಚ್.ಡಿ. ಆಗುವುದಿತ್ತು. ಆಫೀಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಒಂದು ಮಧ್ಯಾಹ್ನ ಇಂಜಿನಿಯರುಗಳು ಎರಡು ಟಿ.ವಿ.ಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಸ್ಟುಡಿಯೋದ ಚಿತ್ರವನ್ನು ಹಳೆಯ ರೀತಿಯಲ್ಲೊಮ್ಮೆ, ಹೊಸ ರೀತಿಯಲ್ಲೊಮ್ಮೆ ತೋರಿಸಿದರು. ಹೊಸದರಲ್ಲಿ, ಹದಿನೈದು ವರ್ಷದಿಂದ ಕಲ್ಲುಗೋಡೆಯೆಂದು ತೋರಿಸುತ್ತ ಬಂದಿದ್ದ ಥರ್ಮೊಕೋಲ್ ಗೋಡೆ ಥರ್ಮೊಕೋಲ್ ಎಂದೇ ಕಂಡಿತು. ವಾರ್ತೆ ಓದುವವರ ಕತ್ತಿನ ಬಳಿ ಪೌಡರ್ ಎಲ್ಲಿ ಮುಗಿಯುತ್ತದೆ ಎಂಬುದು ಗೆರೆ ಎಳೆದಂತೆ ತಿಳಿಯುತ್ತಿತ್ತು. ಎಲ್ಲರೂ ನಕ್ಕರು. ಮೇಕಪ್ ಮಾಡುವ ಹಿರಿಯರೊಬ್ಬರು ಮಾತ್ರ ನಗದೆ, ಇನ್ನು ಮೇಲೆ ನನ್ನ ಕೆಲಸ ಮುಚ್ಚುವುದಲ್ಲ, ಮುಚ್ಚಿದ್ದನ್ನು ಮುಚ್ಚುವುದು ಎಂದರು. ನಾನೂ ಜೋರಾಗಿಯೇ ನಕ್ಕಿದ್ದೆ.

ಉದ್ಘಾಟನೆಯ ವಾರಕ್ಕೆ ಜಿಲ್ಲೆಗೊಂದರಂತೆ ಐದೈದು ನಿಮಿಷದ ಚಿತ್ರಗಳು ಬೇಕಿದ್ದವು. ಬಣ್ಣ ಎದ್ದು ಕಾಣುವ ವಿಷಯಗಳೇ ಆಗಬೇಕಿತ್ತು. ಮೈಸೂರು ಎಂದ ಕೂಡಲೇ ರೇಷ್ಮೆ, ಅರಮನೆ, ಹೂವಿನ ಮಾರುಕಟ್ಟೆ ಎಂದು ಸಲಹೆಗಳು ಬಂದವು. ನಾನು ಹೊಗೆಸೊಪ್ಪು ಎಂದೆ. ನಮ್ಮ ನಿರ್ಮಾಪಕರು, ಎಲ್ಲರೂ ಸರ್ ಎಂದೇ ಕರೆಯುತ್ತಿದ್ದವರು, ಸರ್ಕಾರಿ ಚಾನೆಲ್ಲಿನಲ್ಲಿ ಹೊಗೆಸೊಪ್ಪು ತೋರಿಸಿದರೆ ಆರೋಗ್ಯ ಇಲಾಖೆಯವರು ಬಿಡುತ್ತಾರೇನಮ್ಮಾ ಎಂದು ಕೇಳಿದರು. ಪರದೆಯ ಕೆಳಗೆ ಎಚ್ಚರಿಕೆಯ ಸಾಲು ಹಾಕೋಣ ಸರ್, ನಾವು ತೋರಿಸುವುದು ಸೊಪ್ಪನ್ನಲ್ಲ, ಅದನ್ನು ಬಣ್ಣದ ಪ್ರಕಾರ ಬೇರೆ ಮಾಡುವ ಕಣ್ಣನ್ನು ಎಂದೆ. ಪಿರಿಯಾಪಟ್ಟಣದ ಹತ್ತಿರದ ಊರಿನಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ, ಹಳದಿಯಲ್ಲೇ ಏಳು ಹಳದಿ ಹೇಳುತ್ತಾಳೆ ಎಂದೆ. ಆ ಮಾತಿಗೆ ಸರ್ ಒಪ್ಪಿದರು. ಇದು ದಿನಚರಿಯಲ್ಲೂ ಇದೆ, ನೆನಪಿನಲ್ಲೂ ಇದೆ. ಅವಳ ಹೆಸರು ಎತ್ತಿದವಳು ನಾನೇ.

ದೊಡ್ಡವ್ವ ಅಂದರೆ ಅಮ್ಮನ ಅಕ್ಕ, ಜಯಮ್ಮ. ಅಪ್ಪನಿಗೆ ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಗೆ ವರ್ಗವಾದಾಗ ನನ್ನನ್ನು ಮೂರು ವರ್ಷ ಅವಳ ಬಳಿ ಬಿಟ್ಟಿದ್ದರು. ಅವಳಿಗೆ ಹದಿನೆಂಟು ತುಂಬುವ ಹೊತ್ತಿಗೆ ಬೆರಳ ತುದಿಗಳು ಬೆಳ್ಳಗಾಗತೊಡಗಿದವಂತೆ. ಆಮೇಲೆ ಅಂಗೈ, ಮಣಿಕಟ್ಟು, ಕೆಳತುಟಿಯ ಒಂದು ಮೂಲೆ. ಅದಕ್ಕೆ ಊರವರು ತೊನ್ನು ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, 'ಅದು' ಅನ್ನುತ್ತಿದ್ದೆವು. ಅದು ಬಂದ ಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ತನ್ನ ತಮ್ಮನ, ಅಂದರೆ ನನ್ನ ಶಿವಣ್ಣ ಮಾವನ, ಮನೆಯಲ್ಲೇ ಉಳಿದಳು. ಮಾವ ಮದುವೆಯಾಗಿ ಸುಜಾತತ್ತೆಯನ್ನು ಕರೆತಂದ ಮೇಲೂ ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿನ ಕೆಲಸದ ಯಜಮಾನಿಕೆ ದೊಡ್ಡವ್ವನದೇ.

ಬ್ಯಾರನ್ನಿನಲ್ಲಿ ಬೇಯಿಸಿ ಇಳಿಸಿದ ಸೊಪ್ಪನ್ನು ಒಂದೊಂದಾಗಿ ಎತ್ತಿ, ನೋಡಿ, ಬಣ್ಣದ ಪ್ರಕಾರ ಗುಡ್ಡೆ ಮಾಡಬೇಕು. ನಿಂಬೆಯ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಕಂದು ಒಂದು ಕಡೆ, ಹಸಿರು ಸೋಕಿದ್ದು ಬೇರೆ. ಹೇಳುವಾಗ ನಾಲ್ಕೇ. ಕೈಯಲ್ಲಿ ಹಿಡಿದಾಗ ಪ್ರತಿ ಸೊಪ್ಪೂ ಎರಡು ಗುಡ್ಡೆಗಳ ನಡುವೆ ನಿಲ್ಲುತ್ತದೆ. ಒಂದು ಹಸಿರು ಸೊಪ್ಪು ನಿಂಬೆಯ ಗುಡ್ಡೆಗೆ ಸೇರಿದರೂ ಬೇಲೇ ಕೆಟ್ಟ ಹೆಸರು ತೆಗೆದುಕೊಳ್ಳುತ್ತದೆ. ಊರಿನ ಮೂರು ನಾಲ್ಕು ಮನೆಯವರು ಬೇಲ್ ಕಟ್ಟುವ ಮುಂಚೆ ಬಂದು ದೊಡ್ಡವ್ವನನ್ನು ಕರೆದುಕೊಂಡು ಹೋಗುತ್ತಿದ್ದರು. ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯದ ಮನೆಗಳವು.

ಫೋನು ಮಾಡಿ ವಿಷಯ ಹೇಳಿದಾಗ, ಸುಮ್ಕಿರು ತಾಯಿ, ನನ್ನೇನ್ ತೋರಿಸ್ತೀರಿ ಎಂದಳು. ಫೋನು ಇಡುವ ಮುಂಚೆ ಯಾವತ್ತು ಬತ್ತಾರೆ ಎಂದು ಕೇಳಿದಳು. ಆಮೇಲೆ ಅಮ್ಮನ ಹತ್ತಿರ ಅವಳು ಆಡಿದ ಮಾತನ್ನು ಅಮ್ಮ ನನಗೆ ಯಥಾವತ್ತಾಗಿ ಹೇಳಿದಳು. "ಇಷ್ಟ್ ವರ್ಸ ಎಲ್ಲಾ ನನ್ ಕೈ ನೋಡವ್ರೆ. ಈಗ ಕೈ ಮಾಡೋ ಕೆಲ್ಸ ನೋಡ್ಲಿ."

ಇನ್ನೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಅದೇ ತಿಂಗಳು ನನ್ನ ಮದುವೆಯ ಮಾತು ಕೆ.ಆರ್. ನಗರದ ಒಂದು ಮನೆಯೊಡನೆ ನಡೆಯುತ್ತಿತ್ತು. ಹುಡುಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಅವನು ನನಗೆ ಹಿಡಿಸಿದ್ದ. ಅವರು ನನ್ನನ್ನು ನೋಡಲು ಬಂದ ದಿನ ದೊಡ್ಡವ್ವನನ್ನು ಕರೆದಿರಲಿಲ್ಲ. ಕರೆಯುವುದು ಬೇಡವೆಂದು ಯಾರೂ ಹೇಳಿರಲಿಲ್ಲ, ಕರೆದಿರಲಿಲ್ಲ ಅಷ್ಟೆ. ಹುಡುಗನ ತಾಯಿ ಹೊರಡುವಾಗ ನನ್ನ ಕೈ ಹಿಡಿದು, ಹೊಸದಾಗಿ ದೊಡ್ಡ ಟಿ.ವಿ. ತಂದಿದ್ದೀವಿ, ಕೇಬಲ್ಲಿನವನು ಎಚ್.ಡಿ.ಯೂ ಕೊಟ್ಟಿದ್ದಾನೆ, ನಿಮ್ಮ ಚಾನೆಲ್ ಬಂದ ದಿನದಿಂದಲೇ ನೋಡ್ತೀವಮ್ಮ ಎಂದಿದ್ದರು.

ಚಿತ್ರೀಕರಣದ ಹಿಂದಿನ ದಿನ ನಾನು ಊರಿಗೆ ಫೋನು ಮಾಡಿ, ಎಲ್ಲರೂ ಕೈ ಚೆನ್ನಾಗಿ ಉಜ್ಜಿ ತೊಳೆದುಕೊಂಡಿರಿ, ಈ ಕ್ಯಾಮೆರಾದಲ್ಲಿ ಎಲ್ಲವೂ ಕಾಣುತ್ತದೆ ಎಂದು ಹೇಳಿದ್ದೆ. ಹೊಗೆಸೊಪ್ಪಿನ ಕಾಲದಲ್ಲಿ ಆ ಊರಿನ ಯಾರ ಕೈಯೂ ಸ್ವಂತ ಬಣ್ಣದಲ್ಲಿರುವುದಿಲ್ಲ. ಹಸಿ ಸೊಪ್ಪಿನ ಅಂಟು ಹತ್ತಿ ಹತ್ತಿ ಕಪ್ಪಗೆ ಡಾಂಬರಿನಂತೆ ಕೂತಿರುತ್ತದೆ. ಆ ಎರಡು ಮೂರು ತಿಂಗಳು ದೊಡ್ಡವ್ವನ ಕೈಯೂ ಎಲ್ಲರ ಕೈಯಂತೆಯೇ ಇರುತ್ತಿತ್ತು. ಅವಳು ಹುಣಸೆಹಣ್ಣು, ಸೀಗೆಪುಡಿ ಎಲ್ಲ ಹಾಕಿ ಉಜ್ಜಿ ತೊಳೆದು ಕಾದಿದ್ದಳು. ನಾನು ಹೇಳದೇ ಹೋಗಿದ್ದರೆ ಆ ದಿನ ಕ್ಯಾಮೆರಾಗೆ ಕಾಣುತ್ತಿದ್ದದ್ದು ಬರೀ ದುಡಿದ ಕೈ.

ಆಫೀಸಿನ ಜೀಪಿನಲ್ಲಿ ನಾವು ನಾಲ್ಕು ಜನ ಹೋದೆವು. ಸರ್, ಕ್ಯಾಮೆರಾದವರು, ಧ್ವನಿ ಹಿಡಿಯುವವರು, ನಾನು. ಬಿಸಿಲಿನ ವಿಷಯದಲ್ಲಿ ದಿನಚರಿಯೇ ಸರಿಯಿರಬೇಕು, ಕ್ಯಾಮೆರಾದವರು ಸೊಪ್ಪಿನ ಗುಡ್ಡೆಗಳನ್ನು ಅಂಗಳದ ಬಿಸಿಲಿಗೆ ತರಿಸಲು ಹೊರಟರು. ದೊಡ್ಡವ್ವ ಬೇಡ ಎಂದಳು. ಬಿಸಿಲಲ್ಲಿ ಎಲ್ಲ ಸೊಪ್ಪೂ ಚಿನ್ನದಂತೆ ಕಾಣುತ್ತದೆ, ನೆರಳಲ್ಲಿ ನೋಡಿದರೇ ಅದರ ಬಣ್ಣ ತಿಳಿಯುವುದು, ಅದಕ್ಕೇ ನಾವು ಬಡಗಲ ಜಗಲಿಯಲ್ಲಿ ಕೂರುವುದು ಎಂದು ವಿವರಿಸಿದಳು. ಕ್ಯಾಮೆರಾದವರು ಸರ್ ಕಡೆ ತಿರುಗಿ, ನಮ್ಮ ಆಫೀಸಿನಲ್ಲಿ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ ಸಾರ್ ಎಂದು ನಕ್ಕರು. ದೊಡ್ಡವ್ವ ಅಷ್ಟು ಖುಷಿಯಾಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ ಎಂದು ಬರೆಯಲು ಹೊರಟೆ. ಖಂಡಿತ ನೋಡಿರುತ್ತೇನೆ, ನನಗೆ ನೆನಪಿಲ್ಲ.

ಅರ್ಧ ಗಂಟೆ ಅವಳನ್ನೇ ಚಿತ್ರೀಕರಿಸಿದರು. ಕ್ಯಾಮೆರಾದ ಪಕ್ಕದಲ್ಲಿ ಕಪ್ಪು ಬಟ್ಟೆ ಮುಚ್ಚಿದ ಸಣ್ಣ ಪರದೆ ಇತ್ತು. ನಾನು ಬಟ್ಟೆಯೊಳಗೆ ತಲೆ ತೂರಿಸಿ ನೋಡಿದೆ. ಪರದೆಯ ತುಂಬ ಅವಳ ಬೆರಳುಗಳು. ಬೆಳ್ಳಗಿನ ಬೆರಳು, ಅದರ ಅಂಚಿನಲ್ಲಿ ಭೂಪಟದ ಗಡಿಯಂತೆ ಕಂದು ಗೆರೆ, ಬೆರಳ ನಡುವೆ ಹಳದಿ ಸೊಪ್ಪು, ಸೊಪ್ಪಿನ ಒಂದೊಂದು ನರ. ಚೆನ್ನಾಗಿಯೇ ಇತ್ತು. ತುಂಬ ಚೆನ್ನಾಗಿತ್ತು. ಆದರೆ ಆ ಕ್ಷಣ ನನಗೆ ಕಂಡದ್ದು ಕೆ.ಆರ್. ನಗರದ ಆ ಮನೆಯ ಗೋಡೆಯ ಮೇಲಿನ ದೊಡ್ಡ ಟಿ.ವಿ.

ನಾನು ಸರ್ ಅವರನ್ನು ಜೀಪಿನ ಹತ್ತಿರ ಕರೆದುಕೊಂಡು ಹೋದೆ. ಏನು ಹೇಳಿದೆ ಎಂಬುದು ದಿನಚರಿಯಲ್ಲಿ ಇಲ್ಲ, ತಲೆಯಲ್ಲಿ ಪೂರ್ತಿಯಾಗಿ ಇದೆ.

"ಸರ್, ಅವರ ಕೈ ನೋಡಿದ್ರಾ? ಎಚ್.ಡಿ.ಲಿ ಅದೇ ಎದ್ದು ಕಾಣುತ್ತೆ. ಜನ ಹೊಗೆಸೊಪ್ಪಿಂದ ಹಿಂಗಾಗಿದೆ ಅಂದ್ಕೊಳ್ತಾರೆ. ನಮ್ಮತ್ತೆ ಇದ್ದಾರೆ, ಅವರನ್ನ ಕೂರಿಸೋಣ."

ಹೊಗೆಸೊಪ್ಪಿನ ನೆಪ ನನಗೆ ಅಷ್ಟು ಬೇಗ ಎಲ್ಲಿಂದ ಹೊಳೆಯಿತೋ. ಅದು ಒಬ್ಬ ಜವಾಬ್ದಾರಿಯುತ ಸಹಾಯಕಿಯ ಮಾತಿನಂತೆಯೇ ಇತ್ತು. ಸರ್ ತಲೆಯಾಡಿಸಿ, ಅದೂ ಸರಿ, ನಿಮ್ಮ ಮನೆಯವರು, ನೀವೇ ಹೇಳಿ ನೋಡಿ ಎಂದರು.

ನಾನು ಹೇಳಬೇಕಾಗಲೇ ಇಲ್ಲ. ಜಗಲಿಗೆ ವಾಪಸು ಬಂದಾಗ ದೊಡ್ಡವ್ವ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. "ಸುಜಾತಾ, ನೀನ್ ಬಂದು ಕೂತ್ಕೊಳವ್ವ. ನಂಗೆ ಸೊಂಟ ಇಡ್ಕೊಂಡದೆ," ಎಂದು ಒಳಗೆ ಕೂಗಿದಳು. ಆರು ಗಂಟೆ ಒಂದೇ ಸಮನೆ ಕೂತು ಸೊಪ್ಪು ಬಿಡಿಸುವವಳು ಅವಳು. ಸೊಂಟ ನೋವು ಎಂದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಆ ರಾತ್ರಿ ನನ್ನ ದಿನಚರಿಗೆ 'ತಾನೇ ಬೇಡ ಎಂದಳು' ಎಂಬ ಆ ಸಾಲು ಸಿಕ್ಕಿದ್ದು ಹೀಗೆ. ಅಕ್ಷರಶಃ ಅದು ಸುಳ್ಳಲ್ಲ.

ಜಗಲಿಗೂ ಜೀಪು ನಿಂತಿದ್ದ ಜಾಗಕ್ಕೂ ಎಷ್ಟು ದೂರ ಎಂದು ಆಮೇಲೆ ಒಮ್ಮೆ ಯಾರೂ ಇಲ್ಲದಾಗ ಹೆಜ್ಜೆ ಹಾಕಿ ನೋಡಿದ್ದೇನೆ. ಹದಿನೆಂಟು ಹೆಜ್ಜೆ. ಮೆಲ್ಲಗೆ ಆಡಿದ ಮಾತು ಕೇಳಿಸುವ ದೂರವಲ್ಲ. ನಾನು ಮೆಲ್ಲಗೆ ಆಡಿದ್ದೆನೋ ಇಲ್ಲವೋ ಅದು ಬೇರೆ. ಜೀಪು ಆ ದಿನ ನಿಂತಿದ್ದು ಅಲ್ಲಿಯೇ ಎಂಬುದೂ ನನ್ನ ನೆನಪೇ.

ಸುಜಾತತ್ತೆ ಬೇಡ ಬೇಡ ಎನ್ನುತ್ತಲೇ ಸೀರೆ ಬದಲಾಯಿಸಿ ಬಂದು ಕೂತಳು. ಅವಳು ಒಳ್ಳೆಯವಳು, ಅಡುಗೆ ಚೆನ್ನಾಗಿ ಮಾಡುತ್ತಾಳೆ, ಬೇಯಿಸುವ ಮುಂಚೆ ಸೊಪ್ಪನ್ನು ಕಡ್ಡಿಗೆ ಕಟ್ಟುವುದರಲ್ಲಿ ಚುರುಕು. ಬಣ್ಣ ಮಾತ್ರ ಅವಳಿಗೆ ತಿಳಿಯದು, ಆ ಕೆಲಸಕ್ಕೆ ಅವಳು ಕೂತದ್ದೂ ಕಡಿಮೆ. ವಿವರಣೆಗೆ ದೊಡ್ಡವ್ವನ ಮಾತೇ ಇರಲಿ ಎಂದು ನಾನೇ ಸರ್‌ಗೆ ಸೂಚಿಸಿದೆ. ಅದರಿಂದ ನನ್ನ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ. ಅವಳನ್ನು ಒಳಗೆ ಮೂಟೆಗಳ ನಡುವೆ ಕೂರಿಸಿ ಮೈಕು ಹಿಡಿದೆವು. "ಬಾಯಿ ಒಂದೇ ಸಾಕಾ?" ಎಂದು ಕೇಳಿದಳು. ಕೊಂಕಿನಿಂದ ಕೇಳಿದಂತಿರಲಿಲ್ಲ, ಕೆಲಸದ ಬಗ್ಗೆ ಕೇಳುವಂತೆ ಕೇಳಿದಳು. ಕೈಯದೂ ಮೊದಲೇ ತೆಗೆದಿದ್ದಾರಲ್ಲ ದೊಡ್ಡವ್ವ, ಅದೂ ಬರುತ್ತದೆ ಎಂದೆ.

ಬರದ ಹಾಗೆ ನೋಡಿಕೊಂಡವಳೂ ನಾನೇ. ಬೆಂಗಳೂರಿನ ಎಡಿಟಿಂಗ್ ಕೋಣೆಯಲ್ಲಿ ಕೂತಿದ್ದ ಹುಡುಗಿ ದೊಡ್ಡವ್ವನ ಬೆರಳುಗಳ ದೃಶ್ಯ ಬಂದಾಗ ನಿಲ್ಲಿಸಿ, ಇದರಿಂದಲೇ ಶುರು ಮಾಡೋಣ ಮೇಡಂ, ಎಷ್ಟು ಚೆಂದ ಇದೆ ಎಂದಳು. ನಾನು, ಮನೆಯವರು ಬೇಡ ಅಂದಿದ್ದಾರೆ ಎಂದೆ. ಅವಳು ಮುಂದಿನ ದೃಶ್ಯಕ್ಕೆ ಹೋದಳು. ಮನೆಯವರು ಎಂದರೆ ಯಾರು ಎಂದು ಅವಳು ಕೇಳಿದ್ದರೆ ಏನು ಹೇಳುತ್ತಿದ್ದೆನೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಆ ಅರ್ಧ ಗಂಟೆಯ ಚಿತ್ರಗಳನ್ನು ಕೆಲಸ ಮುಗಿದ ಮೇಲೆ ಅಳಿಸಿಹಾಕಿದರು. ಅದು ಎಲ್ಲದಕ್ಕೂ ಮಾಡುವ ಕ್ರಮ.

ನನಗೊಂದು ಧೈರ್ಯವಿತ್ತು. ಊರಿನಲ್ಲಿ ಟಿ.ವಿ.ಗಳೆಲ್ಲ ಹೊಸವು, ಅವಕ್ಕೆ ಸಿಕ್ಕಿಸಿದ ಸೆಟ್‌ಟಾಪ್ ಡಬ್ಬಗಳು ಮಾತ್ರ ಹಳೆಯವು. ತಿಂಗಳ ಚಂದಾ ಇಲ್ಲದ ಡಿಶ್ಶಿನ ಆ ಹಳೆಯ ಡಬ್ಬದಲ್ಲಿ ಎಚ್.ಡಿ. ವಾಹಿನಿ ಬರುವುದಿಲ್ಲ ಎಂದು ಇಂಜಿನಿಯರುಗಳು ಮೊದಲೇ ಹೇಳಿದ್ದರು. ಉದ್ಘಾಟನೆಯ ವಾರದ ಚಿತ್ರಗಳು ಎಚ್.ಡಿ.ಯಲ್ಲಿ ಮಾತ್ರ. ಅಂದರೆ ಕೆ.ಆರ್. ನಗರದವರು ನೋಡುತ್ತಾರೆ, ನಮ್ಮ ಊರಿನವರು ನೋಡುವುದಿಲ್ಲ. ನನ್ನ ಲೆಕ್ಕಾಚಾರಕ್ಕೆ ಇದಕ್ಕಿಂತ ಅನುಕೂಲ ಬೇಕಿರಲಿಲ್ಲ. ಡಬ್ಬದ ಸಂಗತಿಯನ್ನು ನಾನು ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಬರದೇ ಇದ್ದಾಗ, ಅಯ್ಯೋ ಹೌದಲ್ಲ ಎಂದರಾಯಿತು ಎಂದಿದ್ದೆ.

ನಮ್ಮ ಚಿತ್ರ ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಇತ್ತು. ಎರಡು ದಿನ ಮುಂಚೆ ದೊಡ್ಡವ್ವ ಮಾವನ ಫೋನಿನಿಂದ ಮಾತಾಡಿ, ನೀನೂ ಬಾ ಎಂದಳು. ಅವಳು ಹಾಗೆ ಬಾಯಿ ತೆರೆದು ಕರೆಯುವವಳಲ್ಲ. ಇಲ್ಲ ಎನ್ನಲಾಗಲಿಲ್ಲ.

ಊರು ತಲುಪಿದಾಗ ಹತ್ತು ದಾಟಿತ್ತು. ತಾರಸಿಯ ಮೇಲೆ ಹುಣಸೂರಿನ ನಜೀರ್ ಸಾಬ್ರು ಬಗ್ಗಿ ಡಿಶ್ಶಿನ ತಟ್ಟೆ ತಿರುಗಿಸುತ್ತಿದ್ದರು. ಟಿ.ವಿ. ರಿಪೇರಿಯ ಅವರ ಅಂಗಡಿ ಅವರ ಅಪ್ಪನ ಕಾಲದ್ದು, ಆಗ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ. ಒಳಗಿನಿಂದ ಮಾವ, ಬಂತು, ಬಂತು, ಹೋಯ್ತು ಎಂದು ಕೂಗುತ್ತಿದ್ದ. ನಾನು ಅಂಗಳದಲ್ಲೇ ನಿಂತುಬಿಟ್ಟೆ. ಸಾಬ್ರು ಏಣಿ ಇಳಿದು ಬಂದು ನನ್ನನ್ನು ಗುರುತು ಹಿಡಿದರು.

"ನಿಮ್ ದೊಡ್ಡವ್ವ ಮೂರ್ ಸಲ ಅಂಗಡಿಗೆ ಬಂದ್ರು ಮೇಡಮ್ಮೋರೆ. ಎಚ್.ಡಿ. ಅಂದ್ರೆ ಏನು, ನಮ್ ಡಬ್ಬದಲ್ಲಿ ಬರ್ತದಾ ಅಂತ. ಬರಲ್ಲಮ್ಮಾ, ಹೊಸದು ಹಾಕ್ಬೇಕು ಅಂದೆ. ಹಂಗಾದ್ರೆ ಭಾನುವಾರ ತಂದು ಹಾಕಪ್ಪಾ ಅಂದ್ರು. ನಿಮಗೆ ಗೊತ್ತಿರ್ಬೇಕಲ್ಲ, ಆಫೀಸಲ್ಲೇ ಇರೋರು?"

ಗೊತ್ತಿತ್ತು ಎಂದೆನೋ, ಇಲ್ಲ ಎಂದೆನೋ. ಇದೊಂದನ್ನು ಎಷ್ಟು ಪ್ರಯತ್ನಿಸಿದರೂ ನೆನಪಿಗೆ ತಂದುಕೊಳ್ಳಲಾಗಿಲ್ಲ.

ನಡುಮನೆಯಲ್ಲಿ ಇಪ್ಪತ್ತು ಜನರಾದರೂ ಇದ್ದರು. ಅರಿಶಿನ ಕುಂಕುಮದ ಮನೆಗಳವರೂ ಇದ್ದರು. ದೊಡ್ಡವ್ವ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು, ಟಿ.ವಿ.ಯ ಎದುರಿಗೆ ಅಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಚಿತ್ರ ಶುರುವಾಯಿತು. ಮೊದಲು ಬ್ಯಾರನ್ನು, ಹೊಲ, ಮಂಜು. ಜನ ಉಸಿರು ಬಿಗಿಹಿಡಿದು ನೋಡಿದರು. ತಮ್ಮದೇ ಊರಿನ ಬೇಲಿ, ತಮ್ಮದೇ ಗಿಡ ಅಷ್ಟು ಸ್ಪಷ್ಟವಾಗಿ ಇರಬಹುದೆಂದು ಅವರಿಗೆ ತಿಳಿದಿರಲಿಲ್ಲವೇನೋ. ಆಮೇಲೆ ಜಗಲಿ, ಸುಜಾತತ್ತೆ. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ದೊಡ್ಡವ್ವನ ದನಿ ಬಂತು. ನಿಂಬೆ ಬಣ್ಣ ಅಂದರೆ ಯಾವುದು, ಅದರಲ್ಲಿ ಹಸಿರು ಎಲ್ಲಿ ಅಡಗಿರುತ್ತದೆ, ನರದ ಪಕ್ಕ ಹೇಗೆ ನೋಡಬೇಕು ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳುತ್ತಿದ್ದಳು. ಪರದೆಯ ಮೇಲೆ ಸುಜಾತತ್ತೆಯ ಕೈ ಒಂದು ಸೊಪ್ಪನ್ನು ಎತ್ತಿ, ತಿರುಗಿಸಿ, ನಿಂಬೆಯ ಗುಡ್ಡೆಗೆ ಹಾಕಿತು. ಕ್ಯಾಮೆರಾ ಅಷ್ಟು ಹತ್ತಿರ ಹೋಗಿತ್ತು. ನರದ ಎರಡೂ ಪಕ್ಕ ಹಸಿರು ಗೆರೆ ಎಳೆದಂತಿತ್ತು. ನಾವು ಆಫೀಸಿನಲ್ಲಿ ಅದನ್ನು ಹತ್ತು ಸಲ ನೋಡಿದ್ದೆವು, ಒಬ್ಬರಿಗೂ ಕಂಡಿರಲಿಲ್ಲ. ಆ ನಡುಮನೆಯಲ್ಲಿ ಅದು ಕಾಣದವರು ಯಾರೂ ಇರಲಿಲ್ಲ.

ಪಕ್ಕದ ಮನೆಯ ರತ್ನಕ್ಕ ಮೊದಲು ಬಾಯಿಬಿಟ್ಟಳು. "ಏನವ್ವ ಸುಜಾತಾ, ಹಸ್ರು ಸೊಪ್ಪ ತಕ್ಕೊಂಡೋಗಿ ನಿಂಬೆಗಾಕ್ಬುಟ್ಟಲ್ಲ. ಹರಾಜಲ್ಲಿ ಬೇಲ್ನೆ ಎತ್ತಿ ಆಚೆಗಿಕ್ತಾರೆ."

ಎಲ್ಲರೂ ನಕ್ಕರು. ಇನ್ನೊಂದು ಸೊಪ್ಪು, ಅದೂ ತಪ್ಪು ಗುಡ್ಡೆಗೆ. ಮತ್ತೆ ನಗು. ಸುಜಾತತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು, ನಾನ್ ಬ್ಯಾಡ ಅಂದೆ ಕಣಕ್ಕ, ಇವಳೇ ಕೂರಿಸಿದ್ದು ಎಂದು ನನ್ನ ಕಡೆ ಕೈ ತೋರಿಸಿದಳು. ಹಿಂದಿನಿಂದ ಯಾರೋ ಗಂಡಸರು, ಬಾಯಿ ಜಯಕ್ಕಂದು, ಕೈ ಸುಜಾತಂದು ಎಂದರು. ಅದಕ್ಕೂ ನಗು ಬರಬೇಕಿತ್ತು. ಬರಲಿಲ್ಲ. ಒಬ್ಬೊಬ್ಬರಾಗಿ ತಿರುಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ನಾವಿಬ್ಬರೂ ಕೂತಿದ್ದೆವು.

ದೊಡ್ಡವ್ವ ಪರದೆಯಿಂದ ಕಣ್ಣು ಕದಲಿಸಲಿಲ್ಲ. ಚಿತ್ರ ಮುಗಿದು ಹೆಸರುಗಳು ಬರತೊಡಗಿದವು. ಅವಳು ಅಕ್ಷರ ಕೂಡಿಸಿ ಓದುತ್ತಾಳೆ. "ನಿನ್ ಹೆಸ್ರು ಬಂತು," ಎಂದಳು. ಅವಳ ಹೆಸರು ಅದರಲ್ಲಿ ಇರಲಿಲ್ಲ. ದನಿ ಯಾರದು ಎಂದು ಹಾಕಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಇದನ್ನು ಮಾತ್ರ ಬೇಕೆಂದು ಮಾಡಿದ್ದಲ್ಲ. ಆದರೆ ಬೇಕೆಂದು ಮಾಡಿದ್ದಕ್ಕಿಂತ ಇದೇ ಕೀಳು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ದೊಡ್ಡವ್ವ ಎದ್ದಳು. "ಬಣ್ಣ ಇದ್ದಂಗೇ ಬಂದದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕಾಫಿಗೆ ಇಡಲು ಒಳಗೆ ಹೋದಳು. ನಾನು ನಡುಮನೆಯ ಜನಕ್ಕೆ, ದೊಡ್ಡವ್ವನದೂ ತೆಗೆದಿದ್ದರು, ಡೆಲ್ಲಿ ಆಫೀಸಿನವರು ಕತ್ತರಿಸಿಬಿಟ್ಟರು ಎಂದೆ. ಡೆಲ್ಲಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮಾವ ಡೆಲ್ಲಿಯವರನ್ನು ಚೆನ್ನಾಗಿ ಬೈದ. ರತ್ನಕ್ಕ ಬೈದಳು. ನಾನೂ ಜೊತೆಗೆ ಸೇರಿ ಸ್ವಲ್ಪ ಬೈದೆ. ಅಡುಗೆಮನೆಯಲ್ಲಿ ಲೋಟಗಳ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು ಎಂದು ನನ್ನ ನೆನಪು ಹೇಳುತ್ತದೆ. ನೆನಪು ಹೀಗೆ ಬೇಕಾದಲ್ಲಿ ಬೇಕಾದ ಸದ್ದು ಸೇರಿಸುತ್ತದೆ ಎಂಬುದೂ ನನಗೆ ಗೊತ್ತು.

ನಜೀರ್ ಸಾಬ್ರು ಕಾಫಿ ಕುಡಿದು, ವೈರು ಸುತ್ತಿಕೊಂಡು ಹೊರಟರು. ಬೈಕು ಹತ್ತುವ ಮುಂಚೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ, ಡಬ್ಬ ಇಲ್ಲೇ ಬಿಟ್ಟಿದ್ದೀನಿ ಮೇಡಮ್ಮೋರೆ, ನಿಮ್ ದೊಡ್ಡವ್ವಂದು ಯಾವತ್ತಾದ್ರೂ ಬರೋದಿದ್ರೆ ಹ್ಯಾಗೂ ಬೇಕಲ್ಲ ಎಂದರು. ಅವರ ಮುಖದಲ್ಲಿ ಕುಹಕ ಇತ್ತೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮದುವೆಯ ಮಾತು ಮುಂದುವರಿಯಿತು. ಕೆ.ಆರ್. ನಗರದವರು ಚಿತ್ರ ನೋಡಿ, ನಿಮ್ಮತ್ತೆ ಲಕ್ಷಣವಾಗಿದ್ದಾರೆ ಎಂದು ಫೋನು ಮಾಡಿದ್ದರು. ಮುಂದಿನ ಬೇಸಿಗೆಯಲ್ಲಿ ಅಲ್ಲಿನ ಛತ್ರದಲ್ಲಿ ಮದುವೆಯಾಯಿತು. ದೊಡ್ಡವ್ವ ಎರಡು ದಿನ ಮುಂಚೆಯೇ ಬಂದು ಎಲ್ಲ ಕೆಲಸ ಮಾಡಿದಳು. ವಿಡಿಯೋದವರು ದೀಪ ಹಿಡಿದು ಬಂದಾಗಲೆಲ್ಲ ಅವಳು ಯಾರೂ ಗಮನಿಸದ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದಳು. ನಾನು ಮಂಟಪದಲ್ಲಿ ಕೂತು ಅದನ್ನು ನೋಡುತ್ತಿದ್ದೆ. ಧಾರೆಗೆ ಮುಂಚೆ ಹಿರಿಯರೆಲ್ಲ ನಿಂತ ಚಿತ್ರಕ್ಕೆ, ದೊಡ್ಡವ್ವ ಬಾ ಎಂದು ಕರೆದೆ. ನೀವ್ ನಿಂತ್ಕೊಳ್ಳಿ, ಒಲೆ ಮೇಲೆ ಪಾಯ್ಸ ಅದೆ ಎಂದಳು. ಛತ್ರದಲ್ಲಿ ಅಡುಗೆಯವರು ಬೇರೆಯೇ ಇದ್ದರು. ಎರಡನೆಯ ಸಲ ನಾನು ಕರೆಯಲಿಲ್ಲ. ಆಲ್ಬಮ್ಮಿನ ಇನ್ನೂರು ಚಿತ್ರಗಳಲ್ಲಿ ಅವಳು ಒಂದರಲ್ಲೂ ಇಲ್ಲ.

ಮದುವೆಯಾಗಿ ಆರೇಳು ತಿಂಗಳಿಗೆ, ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ನಮ್ಮತ್ತೆಯವರು, ನನ್ನ ಗಂಡನ ತಾಯಿ, "ನಿಮ್ ದೊಡ್ಡವ್ವಂಗೆ ತೊನ್ನಲ್ವಾ? ನಮ್ಮಣ್ಣಂಗೂ ಇತ್ತು ಕಣಮ್ಮ. ಪಾಪ, ಬಿಸ್ಲಿಗೋದ್ರೆ ಉರೀತದೆ ಅನ್ನೋನು," ಎಂದರು. ಅಷ್ಟು ಹೇಳಿ ಕಾಯಿ ಬಿಡಿಸುವುದನ್ನು ಮುಂದುವರಿಸಿದರು. ನನಗೆ ಎದ್ದು ಹೋಗಬೇಕೆನ್ನಿಸಿತು. ನಾನು ಇದನ್ನೆಲ್ಲ ಹೇಳಿಕೊಂಡ ಒಬ್ಬಳೇ ಗೆಳತಿ, ನೋಡು, ಸುಮ್ಮನೆ ಹೆದರಿದೆಯಲ್ಲ ಎಂದಳು. ನನ್ನ ನಾಚಿಕೆ ಅದಲ್ಲ. ಅವರು ಬೇಡವೆನ್ನುವ ಜನವಾಗಿದ್ದರೆ ನಾನು ಮಾಡಿದ್ದು ಸರಿಯಾಗುತ್ತಿತ್ತೇ? ನನ್ನ ಮುಂದೆ ಒಂದು ತಕ್ಕಡಿ ಇತ್ತು. ಒಂದು ಕಡೆ ನನ್ನನ್ನು ಮೂರು ವರ್ಷ ಸಾಕಿದವಳು, ಇನ್ನೊಂದು ಕಡೆ ಒಂದೇ ಸಲ ಮನೆಗೆ ಬಂದು ಹೋದ ಜನ. ತೂಗಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ವಾಹಿನಿಯ ಕೆಲಸವನ್ನು ಆಮೇಲೆ ಬಿಟ್ಟೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದೆ ಎಂದು ಬರೆದರೆ ನನಗೆ ಹಿತವಾಗುತ್ತದೆ, ಅದಕ್ಕೇ ಬರೆಯುತ್ತಿಲ್ಲ.

ಹುಣಸೂರಿನಲ್ಲಿ ಬಸ್ಸು ತಪ್ಪಿಸಿಕೊಂಡ ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅವಳಿಗೆ ಈಗ ಮೂರೂವರೆ. ಊಟವಾದ ಮೇಲೆ ದೊಡ್ಡವ್ವ ಅವಳನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಳು. ಮಗು ಅವಳ ಬೆರಳು ಹಿಡಿದು, ಅಜ್ಜಿ, ಇಲ್ಲಿ ಯಾಕೆ ಬೆಳ್ಳಗಿದೆ ಎಂದು ಕೇಳಿತು. ಅದು ನಾ ಹುಟ್ದಾಗ ಹಚ್ಚೋಕೆ ಬಣ್ಣ ಸಾಕಾಗ್ಲಿಲ್ಲ ಕಣವ್ವ ಎಂದಳು ದೊಡ್ಡವ್ವ. ಮಗು ಒಪ್ಪಿಕೊಂಡಿತು. ಬೇರೆ ಯಾರೂ ಇರಲಿಲ್ಲ. ಈಗ ಕೇಳದಿದ್ದರೆ ಇನ್ನು ಕೇಳುವುದಿಲ್ಲ ಎನ್ನಿಸಿ, ಜೀಪಿನ ಹತ್ತಿರ ಆಡಿದ್ದನ್ನೂ ಎಡಿಟಿಂಗ್ ಕೋಣೆಯಲ್ಲಿ ಆಡಿದ್ದನ್ನೂ ಡೆಲ್ಲಿಯ ಸುಳ್ಳನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಜಡೆ ಹೆಣೆಯುವುದನ್ನು ನಿಲ್ಲಿಸಲಿಲ್ಲ. ತಲೆ ಅಲ್ಲಾಡಿಸ್ಬ್ಯಾಡ ಎಂದು ಮಗುವಿಗೆ ಹೇಳಿದಳು. ಕ್ಷಮಿಸು ಎನ್ನಲು ಬಾಯಿ ತೆರೆದವಳು ಅದರ ಬದಲು ಇದನ್ನು ಕೇಳಿದೆ.

"ನಿಂಗೆ ಅವತ್ತೇ ಗೊತ್ತಿತ್ತು ಅಲ್ವಾ ದೊಡ್ಡವ್ವ? ಗೊತ್ತಿದ್ದೂ ನಜೀರ್ ಸಾಬ್ರ ಹತ್ರ ಮೂರು ಸಲ ಯಾಕೆ ಹೋದೆ? ಟಿ.ವಿ.ಲಿ ನಿನ್ನ ನೀನೇ ನೋಡ್ಕೊಳ್ಳೋಕಾ, ಇಲ್ಲ ನಾನು ಮಾಡಿದ್ದನ್ನ ನಂಗೇ ತೋರಿಸೋಕಾ?"